ಇಲ್ಲದ್ದು ಇಲ್ಲೆ

“ಮುನ್ನೂರ ಎಂಬತ್ತೊಂದನೇ ಪುಟ ಸರ್,” ಎಂದಳು ವಾಗ್ದೇವಿ. “ಅಲ್ಲೊಂದು ಸಾಲು ಎಷ್ಟು ಸಲ ಓದಿದ್ರೂ ನನ್ನ ತಲೆಗೆ ಹೋಗ್ಲಿಲ್ಲ. ನಿಮ್ಮ ಬಾಯಿಂದಲೇ ಕೇಳಿಬಿಡೋಣ ಅಂತ ಹೊಸನಗರದಿಂದ ಬಸ್ಸು ಹಿಡಿದು ಬಂದೆ.”

ಪ್ರೊಫೆಸರ್ ಚೆಲುವರಾಯರ ಮುಖ ಊರಗಲವಾಯಿತು. ಸನ್ಮಾನದ ದಿನವೇ ಓದುಗರು ಮನೆ ಬಾಗಿಲಿಗೆ ಬಂದರೆ ಯಾರಿಗೆ ಬೇಡ ಸ್ವಾಮಿ? ಇಸ್ತ್ರಿ ಮುರಿಯದ ಜುಬ್ಬದ ತೋಳನ್ನು ಎರಡು ಬೆರಳಲ್ಲಿ ಸರಿಮಾಡಿಕೊಂಡು ಕುರ್ಚಿ ತೋರಿಸಿದರು.

“ಕೂತ್ಕೊಳ್ಳಮ್ಮ, ಕೂತ್ಕೊ. ಸ್ಕೂಲ್ ಮೇಷ್ಟ್ರಮ್ಮ ಅಂದ್ಯಲ್ಲ? ಶಾಂತಾ, ಎರಡು ಕಾಫಿ!”

ವಾಗ್ದೇವಿ ಕೂತಳು. ಪುಸ್ತಕವನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದಿದ್ದಳು. ರಟ್ಟಿನ ಮೇಲೆ ಚಿನ್ನದ ಬಣ್ಣದ ಅಕ್ಷರದಲ್ಲಿ ‘ಯವನರ ಅರಿವಿನ ದಾರಿ’ ಎಂದಿತ್ತು. ಕೆಳಗೆ ಚೆಲುವರಾಯರ ಹೆಸರು.

ಆ ಜಾಗದಲ್ಲಿ ಇರಬೇಕಾಗಿದ್ದುದು ಅವಳ ಅಣ್ಣ ವಿಘ್ನೇಶ್ವರನ ಹೆಸರು. ಎರಡು ವರ್ಷದ ಹಿಂದೆ, ಅರವತ್ತನಾಲ್ಕರ ಮಳೆಗಾಲದಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರಿದ ವಾರ, ಹದಿಮೂರು ವರ್ಷ ಕೂತು ಬರೆದ ಗ್ರೀಕ್ ತತ್ವಶಾಸ್ತ್ರದ ಹಸ್ತಪ್ರತಿಯ ಸಮೇತ ಅವನು ಹೊನ್ನೆಮರಡಿನ ಹತ್ತಿರ ಮುಳುಗಿಹೋದನೆಂದು ಸಾಗರದ ಸೀಮೆಯೆಲ್ಲ ನಂಬಿತ್ತು. ಅಣ್ಣನೇನೋ ಮುಳುಗಿದ. ಹಸ್ತಪ್ರತಿಗೆ ಮಾತ್ರ ಈಜು ಬರುತ್ತಿತ್ತೇ, ತೀರ್ಥಹಳ್ಳಿಯ ಈ ಮನೆಯ ತನಕ?

ಹೊರಗೆ ಜಗಲಿಯ ಮೇಲೆ ಬಿಳಿ ಪಂಚೆ ಉಟ್ಟು, ಕೊಡೆಯನ್ನು ತೊಡೆಯ ಮೇಲಿಟ್ಟುಕೊಂಡು ಒಬ್ಬ ಮನುಷ್ಯ ಕೂತಿದ್ದ. ಹೆಣ್ಣುಮಗಳ ಜೊತೆಗೆ ಬಂದ ದೊಡ್ಡಪ್ಪನೋ ಮಾವನೋ ಇರಬೇಕೆಂದು ಪ್ರೊಫೆಸರು ಅವನನ್ನು ಕಣ್ಣೆತ್ತಿ ನೋಡಿರಲಿಲ್ಲ. ಆತ ಸಾಗರ ಠಾಣೆಯ ಸಬ್‌ಇನ್‌ಸ್ಪೆಕ್ಟರ್ ಜಯಪ್ಪ.

ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಜಯಪ್ಪ ಖಡಾಖಂಡಿತವಾಗಿ ಹೇಳಿದ್ದ. “ಟೀಚರಮ್ಮ, ಒಂದ್ ಸಾಲು ಹಿಡ್ಕಂಡು ಕೇಸ್ ಹಾಕಕ್ ಬರಲ್ಲ. ಹಸ್ತಪ್ರತಿ ನನ್ ಕೈಗ್ ಬರ್ಬೇಕು. ಸಂಜೆ ನಾಲ್ಕಕ್ಕೆ ಈ ಮನ್ಸ ಹಾರ ಹಾಕಿಸ್ಕಂತಾನೆ, ನಾಳೆ ಬೆಳಗ್ಗೆ ಮೈಸೂರಿಗ್ ಹೊಂಟೋಗ್ತಾನೆ. ಆಮೇಲೆ ಅದನ್ನ ಒಲೆಗ್ ಹಾಕಿದ್ರೂ ಕೇಳೋರಿಲ್ಲ.”

ಗೋಡೆಯ ಗಡಿಯಾರದಲ್ಲಿ ಒಂದೂವರೆ. ಇರುವುದು ಎರಡೂವರೆ ಗಂಟೆ ಮಾತ್ರ.

ವಾಗ್ದೇವಿಗೆ ಬೇಕಾಗಿದ್ದುದು ನ್ಯಾಯವಲ್ಲ, ಸೇಡು. ಅದನ್ನು ಅವಳು ಯಾರ ಹತ್ತಿರವೂ ಮುಚ್ಚಿಟ್ಟಿರಲಿಲ್ಲ. ಅಚ್ಚಿನಲ್ಲಿ ಆ ಸಾಲು ಕಣ್ಣಿಗೆ ಬಿದ್ದ ದಿನದಿಂದ ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡೇ ಶಾಲೆಯಲ್ಲಿ ಮಗ್ಗಿ ಹೇಳಿಕೊಟ್ಟಿದ್ದಳು. ಇವತ್ತು ಬೆಳಿಗ್ಗೆ ಹೊರಟಾಗಲೂ ಅಮ್ಮ ಬಾಗಿಲಿಗೆ ಅಡ್ಡ ನಿಂತು, “ಹೋಗಡ ಕೂಸೆ. ಎಂತಕ್ಕೆ ಬೇಕು ಇದೆಲ್ಲ? ಸುಮ್ನಿರು,” ಎಂದಿದ್ದಳು. ಅಮ್ಮನಿಗೆ ಸಿಟ್ಟೇ ಇಲ್ಲವಲ್ಲ ಎಂದು ವಾಗ್ದೇವಿಗೆ ಕಸಿವಿಸಿಯಾಗಿತ್ತು. ಅಣ್ಣನ ವರ್ಷಾಂತದ ದಿನವೂ ಅಮ್ಮ ಅತ್ತಿರಲಿಲ್ಲ. ಕಣ್ಣೀರು ಬತ್ತಿಹೋಗಿದೆ ಎಂದು ನೆಂಟರೆಲ್ಲ ಮಾತಾಡಿಕೊಂಡಿದ್ದರು.

“ಯಾವ ಸಾಲಮ್ಮ ಅದು?” ಎಂದರು ಚೆಲುವರಾಯರು.

ಅವಳು ಓದಿದಳು. “‘ಎಲಿಯಾದ ಗುರುವಿನ ದರ್ಶನವನ್ನೆಲ್ಲ ಕನ್ನಡದ ಒಂದು ಸಾಲಿಗೆ ಇಳಿಸಬಹುದು: ಇರುವುದು ಇದ್ದೂ, ಇಲ್ಲದ್ದು ಇಲ್ಲೇ.’”

“ಭೇಷ್! ಇಡೀ ಪುಸ್ತಕದ ಜೀವವನ್ನೇ ಹಿಡಿದಿದ್ದೀಯ. ನಾಲ್ಕು ಗಂಟೆ ಸಭೇಲಿ ನಾನು ಇದನ್ನೇ ಓದೋನು.” ಪ್ರೊಫೆಸರು ಕುರ್ಚಿಯನ್ನು ಮುಂದೆ ಎಳೆದುಕೊಂಡರು. “ಎಲಿಯಾ ಅನ್ನೋದು ಎರಡೂವರೆ ಸಾವಿರ ವರ್ಷದ ಹಿಂದಿನ ಒಂದು ಗ್ರೀಕ್ ಊರು. ಅಲ್ಲಿನ ಗುರು, ಇರೋದು ಅಂದ್ರೇನು, ಇಲ್ಲದ್ದು ಅಂದ್ರೇನು ಅಂತ ಕೇಳಿದ. ಅಷ್ಟೇ. ಅಲ್ಲಿಂದ ಮುಂದಿನವರಿಗೆಲ್ಲ ನಿದ್ದೆ ಇಲ್ಲ.”

“ಈ ಸಾಲು ನೀವೇ ಗ್ರೀಕ್ ಮೂಲದಿಂದ ಮಾಡಿದ್ದಾ ಸರ್?”

“ಮತ್ತಿನ್ಯಾರು ಮಾಡ್ತಾರೆ? ಮೂಲ ನೋಡದೆ ನಾನು ಒಂದಕ್ಷರ ಬರೆಯೋನಲ್ಲ.”

ಅವರ ಮೇಜಿನ ಮೇಲೆ ದಪ್ಪನೆಯ ಗ್ರೀಕ್ ನಿಘಂಟೊಂದಿತ್ತು. ವಾಗ್ದೇವಿ ಒಳಗೆ ಬಂದ ಕ್ಷಣವೇ ಅದರ ಅಂಚು ನೋಡಿದ್ದಳು. ಹಳೆಯ ವಿಲಾಯತಿ ಪುಸ್ತಕಗಳ ಹಾಳೆಗಳು ಮಡಿಕೆ ಕತ್ತರಿಸದೆಯೇ ಬರುತ್ತಿದ್ದವು. ಓದುವವನು ಚಾಕು ಹಿಡಿದು ಒಂದೊಂದೇ ಬಿಡಿಸಿಕೊಳ್ಳಬೇಕು. ಅಣ್ಣನ ನಿಘಂಟಿನ ಹಾಳೆಗಳು ತಿರುವಿ ತಿರುವಿ ಹಿಂಜಿದ ಅರಳೆಯಂತಾಗಿದ್ದವು. ಈ ನಿಘಂಟಿನ ಒಂದೇ ಒಂದು ಹಾಳೆಯನ್ನೂ ಯಾರೂ ಬಿಡಿಸಿರಲಿಲ್ಲ.

ಅಣ್ಣ ಊಟಕ್ಕೆ ಕೂತಾಗಲೆಲ್ಲ ಸಾಕ್ರಟೀಸನ ಮಾತೆತ್ತುತ್ತಿದ್ದ. ಆ ಮುದುಕ ಯಾರಿಗೂ ಪಾಠ ಹೇಳುತ್ತಿರಲಿಲ್ಲವಂತೆ. ನನಗೇನೂ ತಿಳಿಯದು, ಸ್ವಲ್ಪ ಬಿಡಿಸಿ ಹೇಳಿ ಎಂದು ಪೆದ್ದನ ಹಾಗೆ ಕೇಳುತ್ತಾ ಹೋಗುತ್ತಿದ್ದನಂತೆ. ಎಲ್ಲ ಬಲ್ಲೆ ಎನ್ನುವವನು ಉತ್ತರ ಕೊಟ್ಟುಕೊಟ್ಟು ತಾನೇ ಮೂಲೆಗೆ ಸರಿಯುತ್ತಿದ್ದನಂತೆ. ಈ ವಿದ್ಯೆ ಒಂದು ದಿನ ತನ್ನ ಕೆಲಸಕ್ಕೆ ಬರುತ್ತದೆಂದು ವಾಗ್ದೇವಿ ಆಗ ಎಣಿಸಿರಲಿಲ್ಲ.

“ಇಲ್ಲೇ ಅಂದರೆ ಏನು ಸರ್?”

“ಇಲ್ಲೇ ಅಂದ್ರೆ ಇಲ್ಲೇ! ಈ ಕೋಣೇಲಿ, ಈ ಮೇಜಿನ ಮೇಲೆ. ಇರುವ ವಸ್ತು ತನ್ನ ಪಾಡಿಗೆ ತಾನು ಇದ್ದೂ, ಇಲ್ಲದ್ದು ಅದರ ಮಗ್ಗುಲಲ್ಲೇ ಬಂದು ಕೂತಿದೆ. ಶೂನ್ಯ ಎಲ್ಲೋ ದೂರ ಇಲ್ಲ, ನಮ್ಮ ಪಕ್ಕದಲ್ಲೇ ಇದೆ. ಎಂಥಾ ಮಾತು ನೋಡು! ಇದೊಂದು ಸಾಲಿಗೆ ಮೂರು ಪುಟ ವ್ಯಾಖ್ಯಾನ ಬರೆದಿದ್ದೀನಿ.”

“ಓದಿದೆ ಸರ್. ಆದರೆ ನನ್ನದು ದಡ್ಡ ತಲೆ. ನಲವತ್ತನೇ ಪುಟದಲ್ಲಿ ನೀವೇ, ‘ಇಲ್ಲದ್ದು ಎಲ್ಲಿಯೂ ಇಲ್ಲ, ಅದನ್ನು ಯೋಚಿಸುವುದೂ ಸಾಧ್ಯವಿಲ್ಲ’ ಅಂತ ಬರೆದಿದ್ದೀರಲ್ಲ?”

“ಹೌದು, ಬರೆದಿದ್ದೀನಿ.”

“ಇದೇ ಎಲಿಯಾದ ಗುರುವಿನ ಮಾತು ಅಂತಲೇ?”

“ಹೌದಮ್ಮ, ಅವನದ್ದೇ.”

“ನಲವತ್ತನೇ ಪುಟದಲ್ಲಿ ಎಲ್ಲಿಯೂ ಇಲ್ಲದ್ದು, ಮುನ್ನೂರ ಎಂಬತ್ತೊಂದಕ್ಕೆ ಬರುವಾಗ ಇಲ್ಲೇ ಬಂದು ಕೂತುಬಿಡ್ತಾ ಸರ್?”

ಬೀದಿಯಲ್ಲಿ ಮೈಕು ಕಟ್ಟಿಕೊಂಡ ಜೀಪೊಂದು ಹೋಗುತ್ತಿತ್ತು. ‘ಗ್ರೀಕ್ ತತ್ವಶಾಸ್ತ್ರದ ಮೇರು ವಿದ್ವಾಂಸ ಪ್ರೊಫೆಸರ್ ಚೆಲುವರಾಯರಿಗೆ ಇಂದು ಸಂಜೆ ನಾಲ್ಕು ಗಂಟೆಗೆ’ ಎಂದು ಕೂಗಿ, ಕೆಮ್ಮಿ, ಮತ್ತೆ ಕೂಗಿ, ತುಂಗೆಯ ಕಡೆಗೆ ಇಳಿದುಹೋಯಿತು.

“ಅದು ವಿಕಾಸ,” ಎಂದರು ಪ್ರೊಫೆಸರು ಕೊನೆಗೆ. “ವಿಚಾರ ಬೆಳೀತಾ ಹೋಗುತ್ತೆ. ನಿನಗೆ ಅದು ತಿಳಿಯೋದು ಕಷ್ಟ.”

“ಕಷ್ಟವೇ ಸರ್. ಒಂದು ಪೆನ್ಸಿಲ್ ಕೊಡ್ತೀರಾ?”

ಕೊಟ್ಟರು. ಪುಸ್ತಕವನ್ನು ಮೇಜಿನ ಮೇಲೆ ಅಗಲ ಮಾಡಿ ಇಟ್ಟು ವಾಗ್ದೇವಿ ಆ ಸಾಲಿನಲ್ಲಿ ಎರಡೇ ಎರಡು ಗೀಟು ಹಾಕಿದಳು. ‘ಇದ್ದೂ’ ಎಂಬುದರ ದೀರ್ಘ ಹೋಯಿತು. ‘ಇಲ್ಲೇ’ ಎಂಬುದರ ದೀರ್ಘವೂ ಹೋಯಿತು. ಆಮೇಲೆ ಪುಸ್ತಕವನ್ನು ಅವರ ಕಡೆಗೆ ತಿರುಗಿಸಿದಳು.

“ಈಗ ಓದಿ ಸರ್.”

“ಇರುವುದು ಇದ್ದು, ಇಲ್ಲದ್ದು ಇಲ್ಲೆ.” ಪ್ರೊಫೆಸರು ಮೂಗು ಮುರಿದರು. “ಇದಕ್ಕೆ ಅರ್ಥವೇ ಇಲ್ಲವಲ್ಲಮ್ಮ. ಹಸ್ತಪ್ರತೀಲೂ ಹೀಗೇ ತಪ್ಪು ತಪ್ಪಾಗಿತ್ತು, ನಾನೇ ತಿದ್ದಿ...”

ನಾಲಿಗೆ ಅಲ್ಲಿಗೇ ನಿಂತಿತು. ಬೇಗ ನಿಂತಿತು, ಆದರೆ ಬೇಕಾದಷ್ಟು ಬೇಗ ಅಲ್ಲ.

“ಯಾರ ಹಸ್ತಪ್ರತೀಲಿ ಸರ್?” ಎಂದಳು ವಾಗ್ದೇವಿ ಬಹಳ ಮೆಲ್ಲಗೆ.

“ನನ್ನದೇ! ನನ್ನ ಹಸ್ತಪ್ರತೀಲಿ!”

“ನಿಮ್ಮ ಹಸ್ತಪ್ರತೀಲಿ ನೀವೇ ಬರೆದದ್ದು ನಿಮಗೇ ಅರ್ಥವಾಗದೆ ತಿದ್ದಿದ್ರಾ?”

ಚೆಲುವರಾಯರು ಪಂಚೆಯ ಅಂಚನ್ನು ಹುಡುಕುವವರಂತೆ ಮಡಿಲು ತಡಕಾಡಿದರು. ವಾಗ್ದೇವಿ ಎದ್ದು ನಿಂತಳು.

“ಅದು ತಪ್ಪಲ್ಲ ಸರ್, ಅದು ನಮ್ಮ ಮನೆ ಮಾತು. ನೀವು ಮೈಸೂರು ಕಡೆಯವರು, ನಿಮಗೆ ಗೊತ್ತಿಲ್ಲ. ಹವ್ಯಕರ ಮನೆಯಲ್ಲಿ ‘ಇದ್ದು’ ಅಂದರೆ ‘ಇದೆ’ ಅಂತ. ‘ಇಲ್ಲೆ’ ಅಂದರೆ ‘ಇಲ್ಲ’ ಅಂತ. ಇರುವುದು ಇದೆ, ಇಲ್ಲದ್ದು ಇಲ್ಲ. ಇಷ್ಟೇ ಆ ಸಾಲು! ನಮ್ಮ ಕೇರಿಯ ಮೂರು ವರ್ಷದ ಕೂಸನ್ನು ಕೇಳಿದ್ದರೂ ಹೇಳ್ತಿತ್ತು. ನೀವು ಅದಕ್ಕೆ ಎರಡು ದೀರ್ಘ ಎಳೆದು, ಇಲ್ಲದ್ದನ್ನು ತಂದು ಮೇಜಿನ ಮೇಲೆ ಕೂರಿಸಿ, ಮೂರು ಪುಟ ವ್ಯಾಖ್ಯಾನ ಬರೆದಿರಿ. ತಾನೇ ಬರೆದವನು ಹೀಗೆ ಎಡವೋದಿಲ್ಲ. ಕದ್ದವನು ಮಾತ್ರ ಎಡವ್ತಾನೆ.”

“ಯಾರು ನೀನು?”

“ವಿಘ್ನೇಶ್ವರನ ತಂಗಿ.”

ಪ್ರೊಫೆಸರ ಮುಖ ಸುಟ್ಟ ಬದನೆಕಾಯಿಯಂತಾಯಿತು. ಬಾಗಿಲ ಬಳಿ ಎರಡು ಲೋಟ ಕಾಫಿ ಹಿಡಿದು ನಿಂತಿದ್ದ ಅವರ ಹೆಂಡತಿ ಶಾಂತಮ್ಮ ಅಲ್ಲೇ ಕಲ್ಲಾದರು.

“ಹೊರಗೆ ನಡಿ!” ಚೆಲುವರಾಯರ ದನಿ ಕೀರಲಾಯಿತು. “ಸಮುದ್ರದಂಥಾ ವಿದ್ವತ್ತು ಎಲ್ಲಿ, ಹಳ್ಳಿ ಸ್ಕೂಲಿನ ನೀನೆಲ್ಲಿ! ನಿನ್ನ ಮನೆ ಮಾತನ್ನ ಕೇಳ್ಕೊಂಡು ಯಾರು ನಂಬ್ತಾರೆ?”

“ನಾನ್ ನಂಬ್ತೀನಿ ಸ್ವಾಮಿ,” ಎಂದಿತು ಬಾಗಿಲಿನಿಂದ ಒಂದು ದಪ್ಪ ದನಿ. ಕೊಡೆಯನ್ನು ಗೋಡೆಗೆ ಒರಗಿಸಿ ಜಯಪ್ಪ ಒಳಗೆ ಬಂದ. “ಸಾಗರ ಠಾಣೆ ಎಸ್ಸೈ. ಇವತ್ ಡ್ರೆಸ್ ಹಾಕಿಲ್ಲ, ಆದ್ರೆ ಕಿವಿ ಎರಡೂ ಜಗಲಿ ಮೇಲೇ ಇದ್ವು. ಈ ಟೀಚರಮ್ಮ ಮೊದಲ್ನೇ ಸಲ ಬಂದು ‘ಇಲ್ಲೆ’ ‘ಇಲ್ಲೆ’ ಅಂದಾಗ ನಾನೂ, ಇಲ್ಲೇ ಅಂದ್ರೆ ಎಲ್ಲಿ ಅಂತ ಕೇಳ್ದವ್ನೇ. ನೀವೊಬ್ರೇ ಅಲ್ಲ ಬಿಡಿ.”

ಪ್ರೊಫೆಸರು ಕುರ್ಚಿಯಲ್ಲಿ ಕುಸಿದರು.

“ದೋಣಿ ಮಾಸ್ತಪ್ಪ ಹೇಳ್ಯಾನೆ,” ಎಂದ ಜಯಪ್ಪ ಅವರ ಎದುರಿಗೇ ಸ್ಟೂಲು ಎಳೆದುಕೊಂಡು. “ನೀರ್ ಏರಿದ್ ವಾರ ಕೋಟ್ ಹಾಕ್ಕಂಡ ಒಬ್ರು ಹೊನ್ನೆಮರಡಿಗ್ ಬಂದಿದ್ರು, ಹೋಗ್ಬೇಕಾದ್ರೆ ಕೆಂಪು ಬಟ್ಟೆ ಗಂಟು ತಗಂಡ್ ಹೋದ್ರು ಅಂತ. ಅದು ನೀವೇ ತಾನೆ? ವಿಘ್ನೇಶ್ವರ ಭಟ್ರನ್ನ ನೀರಿಗ್ ತಳ್ಳಿದ್ದೂ ನೀವೇನಾ?”

“ಇಲ್ಲ! ದೇವರಾಣೆಗೂ ಇಲ್ಲ!” ಚೆಲುವರಾಯರು ಎರಡೂ ಕೈ ಜೋಡಿಸಿದರು. “ನಾನು ಅವನನ್ನ ಮುಟ್ಟಲಿಲ್ಲ. ಮನೆ ಮುಳುಗ್ತಾ ಇದೆ, ಸಾಮಾನು ಸಾಗಿಸೋ ತನಕ ಇದು ನಿಮ್ಮ ಹತ್ರ ಇರಲಿ ಅಂತ ಅವನೇ ಕೊಟ್ಟ. ಕೊನೇ ಅಧ್ಯಾಯ ಬರೆಯೋದಿದೆ, ಬಂದು ತಗೋತೀನಿ ಅಂದ. ಹದಿನೈದು ದಿನ ಬಿಟ್ಟು ಹೆಣ ಸಿಕ್ತು ಅಂತ ಸುದ್ದಿ ಬಂತು. ಆಮೇಲೆ... ಸತ್ತವನಿಗೆ ಹೆಸರು ಕಟ್ಟಿಕೊಂಡು ಏನಾಗಬೇಕು ಅಂತ...”

ವಾಗ್ದೇವಿಯ ಕೈ ತಾನಾಗಿಯೇ ಮೇಲೆದ್ದಿತು. ಜಯಪ್ಪ ಅಡ್ಡ ಕೈ ಹಿಡಿಯದಿದ್ದರೆ ಆ ಏಟು ಕೆನ್ನೆಗೆ ಬಿದ್ದೇ ಬೀಳುತ್ತಿತ್ತು.

“ಹದಿಮೂರು ವರ್ಷ!” ಎಂದಳು. “ಹದಿಮೂರು ವರ್ಷ ಅವನು ಒಂದು ಹೊಸ ಅಂಗಿ ಹೊಲಿಸಲಿಲ್ಲ, ಮದುವೆ ಬೇಡ ಅಂದ, ಗ್ರೀಕ್ ಅಕ್ಷರ ತಿದ್ದಿ ತಿದ್ದಿ ಕಣ್ಣು ಹಾಳು ಮಾಡ್ಕೊಂಡ. ನೀವು ಹೆಣದ ಮೈಮೇಲಿಂದ ಹೆಸರು ಬಿಚ್ಚಿಕೊಂಡ್ರಿ. ಹಸ್ತಪ್ರತಿ ಎಲ್ಲಿ?”

“ಸುಟ್ಟುಬಿಟ್ಟೆ.”

“ಸುಳ್ಳು,” ಎಂದರು ಶಾಂತಮ್ಮ.

ಎಲ್ಲರೂ ಆ ಕಡೆ ತಿರುಗಿದರು. ಪಕ್ಕದ ಮೇಳಿಗೆ ಹಳ್ಳಿಯಲ್ಲಿ ಹುಟ್ಟಿ ಬೆಳೆದ ಆ ಹೆಂಗಸು ಗಂಡನ ಮಾತಿಗೆ ಎದುರು ಮಾತಾಡಿದ್ದು ಬಹುಶಃ ಅದೇ ಮೊದಲು. ಕಾಫಿ ಲೋಟಗಳನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಒಳಗೆ ಹೋದರು. ಪಾತ್ರೆ ಸರಿಸಿದ ಸದ್ದಾಯಿತು. ಕೆಂಪು ಬಟ್ಟೆಯ ಗಂಟೊಂದನ್ನು ಎರಡೂ ಕೈಯಲ್ಲಿ ತಂದು ವಾಗ್ದೇವಿಯ ಮಡಿಲಿಗಿಟ್ಟರು.

“ತಗಳಿ ತಾಯಿ. ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ರು. ಇದು ಈ ಮನೆಗ್ ಬಂದ್ಮೇಲೆ ಉಂಡನ್ನ ನಂಗೆ ಮೈಗ್ ಹತ್ಲಿ ಅಂದ್ರೂ ಹತ್ಲಿಲ್ಲ.”

ವಾಗ್ದೇವಿ ಗಂಟು ಬಿಚ್ಚಿದಳು. ಅಣ್ಣನ ಅಕ್ಷರ. ಸಣ್ಣ, ಒತ್ತೊತ್ತಾದ, ಎಡಕ್ಕೆ ವಾಲಿದ ಅಕ್ಷರ. ಅವಳಿಗೆ ಕಣ್ಣು ಮಂಜಾಯಿತು.

ವಿಘ್ನೇಶ್ವರ ಹೊಸ ಕಾಗದ ಕೊಂಡವನೇ ಅಲ್ಲ. ಒಂದು ಮಗ್ಗುಲು ಅಚ್ಚಾದ ಯಾವ ಕಾಗದವಾದರೂ ಸರಿ, ಖಾಲಿ ಮಗ್ಗುಲಲ್ಲಿ ಅವನ ಗ್ರೀಕರು ಬಂದು ಕೂರುತ್ತಿದ್ದರು. ಈ ಹಾಳೆಯ ಹಿಂದೆ ಆನಂದಪುರದ ಯಾರದೋ ಮದುವೆಯ ಕರೆಯೋಲೆ, ಅದರ ಹಿಂದೆ ಸೊಸೈಟಿಯ ನೋಟಿಸು, ಇನ್ನೊಂದರ ಹಿಂದೆ ಅವಳ ಶಾಲೆಯದೇ ಹಳೆಯ ಪ್ರಶ್ನೆಪತ್ರಿಕೆ. ಪ್ರತಿ ವರ್ಷ ಪರೀಕ್ಷೆ ಮುಗಿದ ಮೇಲೆ ಉಳಿದ ಪತ್ರಿಕೆಗಳನ್ನು ಕಟ್ಟಿ ಅಣ್ಣನಿಗೆ ಕೊಡುವುದು ಅವಳ ರೂಢಿ. ಅಣ್ಣ ಹೋದ ಮೇಲೂ ಎಸೆಯಲು ಮನಸ್ಸು ಬಾರದೆ ಮನೆಗೇ ತರುತ್ತಿದ್ದಳು. ದುಗ್ಗಮ್ಮನ ಅಂಗಡಿಗೆ ಪೊಟ್ಟಣ ಕಟ್ಟಲು ಕೊಡುತ್ತೇನೆಂದು ಅಮ್ಮ ಇಸಿದುಕೊಳ್ಳುತ್ತಿದ್ದಳು.

ಅವಳು ಕಣ್ಣು ಒರೆಸಿಕೊಂಡಳು. ಅಳುವುದಕ್ಕೆ ಆಮೇಲೆ ಬೇಕಾದಷ್ಟು ಹೊತ್ತಿತ್ತು.

“ಸರ್, ನಾಲ್ಕು ಗಂಟೆಗೆ ನೀವು ಸಭೆಗೆ ಹೋಗಲೇಬೇಕು,” ಎಂದಳು. “ಹಾರ ಹಾಕಿಸ್ಕೊಳ್ಳಿ. ಶಾಲು ಹೊದೆಸಿಕೊಳ್ಳಿ. ಆಮೇಲೆ ಎದ್ದು ನಿಂತು, ಎಲ್ಲರೆದುರು, ದೀರ್ಘ ಇಲ್ಲದೆ ಆ ಸಾಲು ಓದಿ. ಅದರ ಅರ್ಥ ಹೇಳಿ. ಅದನ್ನು ಬರೆದವನ ಹೆಸರು ಹೇಳಿ. ಆಮೇಲೆ ಆ ಹಾರ ತೆಗೆದು ನನ್ನ ಕೈಗೆ ಕೊಡಿ. ನಾನು ಅದನ್ನು ನನ್ನಣ್ಣನ ಪಟಕ್ಕೆ ಹಾಕಬೇಕು.”

“ಅಮ್ಮಾ, ನನ್ನ ಮರ್ಯಾದೆ... ಊರಲ್ಲಿ ತಲೆ ಎತ್ತಿಕೊಂಡು ಓಡಾಡೋದು ಹ್ಯಾಗೆ...”

“ಎತ್ತಬೇಡಿ. ನಾನೇನು ನೀವು ತಲೆ ಎತ್ತಿ ಓಡಾಡಲಿ ಅಂತ ಬಂದಿದ್ದೀನಾ?”

ಚೆಲುವರಾಯರು ಮುಖ ಮುಚ್ಚಿಕೊಂಡರು. ಭುಜ ಅಲುಗುತ್ತಿತ್ತು. ವಾಗ್ದೇವಿ ಅದನ್ನು ಕಣ್ತುಂಬ ನೋಡಿದಳು. ಕನಿಕರ ಬರಬಹುದೆಂದು ಒಂದು ಕ್ಷಣ ಕಾದಳು; ಬರಲಿಲ್ಲ. ಕಿಟಕಿ ಕಟ್ಟೆಯ ಮೇಲಿದ್ದ ಕಾಫಿ ಆರಿ ಕೆನೆ ಕಟ್ಟಿತ್ತು. ಲೋಟ ಎತ್ತಿ ಅಷ್ಟನ್ನೂ ಕುಡಿದಳು. ಎರಡು ವರ್ಷದಲ್ಲಿ ಬಾಯಿಗೆ ರುಚಿ ಎಂಬುದು ಹತ್ತಿದ್ದು ಅವತ್ತೇ.

“ಟೀಚರಮ್ಮ, ಆ ಸಾಲಿರೋ ಹಾಳೆ ತೆಗೀರಿ. ಪಂಚನಾಮೆಗೆ ಅದು ಮೊದ್ಲು ಬೇಕು,” ಎಂದ ಜಯಪ್ಪ.

ಅವಳು ಗಂಟಿನ ತಳದಿಂದ ಹುಡುಕಿದಳು. ಕೊನೆಯಿಂದ ಮೊದಲಿಗೆ, ಮೊದಲಿನಿಂದ ಕೊನೆಗೆ ನೋಡಿದಳು. ಆ ಸಾಲಿನ ಸುಳಿವೇ ಇರಲಿಲ್ಲ. ಇನ್ನೂ ಒಂದು ವಿಚಿತ್ರ ಕಂಡಿತು. ಇಡೀ ಗಂಟಿನಲ್ಲಿ ಒಂದೇ ಒಂದು ಮನೆ ಮಾತು ಇರಲಿಲ್ಲ. ಎಲ್ಲ ಕಡೆ ‘ಇದೆ’, ‘ಇಲ್ಲ’. ಅಣ್ಣನ ಬರವಣಿಗೆ ಮಡಿ ಉಟ್ಟ ಹಾಗೆ ಇತ್ತು.

“ಕೊನೇ ಅಧ್ಯಾಯ ಎಲ್ಲಿ ಸರ್?”

ಚೆಲುವರಾಯರು ಮುಖದ ಮೇಲಿನ ಕೈ ತೆಗೆಯಲಿಲ್ಲ. ಶಾಂತಮ್ಮನೇ ಉತ್ತರ ಕೊಟ್ಟರು. “ಅದು ಇದ್ರಲ್ ಇರ್ಲಿಲ್ಲ. ಅದು ಅಂಚೇಲಿ ಬಂತಲ್ಲ.”

“ಶಾಂತಾ, ಬಾಯ್ಮುಚ್ಚು!”

“ಇನ್ನೆಂತಾ ಮುಚ್ಚೋದು? ಅದು ಬಂದ್ ದಿನ ನೀವ್ ಊಟ ಬಿಟ್ಟು ಮೂಲೇಲಿ ಕೂತಿದ್ರಿ. ಯಾರೋ ಗುಟ್ಟು ತಿಳ್ದವ್ರು ಆಟ ಆಡಿಸ್ತಾ ಇದಾರೆ ಅಂದ್ರಿ. ಒಂದ್ ವಾರ ಕಳ್ದ್ಮೇಲೆ ಧೈರ್ಯ ಬಂದು ಅದನ್ನೂ ಪುಸ್ತಕಕ್ಕೆ ಸೇರ್ಸಿದ್ರಿ.”

ಶಾಂತಮ್ಮ ದೇವರ ಕೋಣೆಯಿಂದ ಒಂದು ಉದ್ದನೆಯ ಲಕೋಟೆ ತಂದುಕೊಟ್ಟರು. ಜಯಪ್ಪ ಅದನ್ನು ಕಿಟಕಿಯ ಬೆಳಕಿಗೆ ಹಿಡಿದ. ಮುದ್ರೆ ಅರ್ಧ ಅಳಿಸಿದ್ದರೂ ಓದಲು ಬರುತ್ತಿತ್ತು. ಆನಂದಪುರ ಅಂಚೆ ಕಚೇರಿ, ಸಾವಿರದ ಒಂಬೈನೂರ ಅರವತ್ತೈದು, ಏಪ್ರಿಲ್.

“ಭಟ್ರು ಹೋಗಿ ಎಂಟ್ ತಿಂಗ್ಳಾದ್ಮೇಲೆ,” ಎಂದ ಜಯಪ್ಪ.

ಒಳಗೆ ಹನ್ನೊಂದು ಹಾಳೆ. ಅದೇ ಸಣ್ಣ, ಎಡಕ್ಕೆ ವಾಲಿದ ಅಕ್ಷರ. ಮೂರನೇ ಹಾಳೆಯ ನಡುವೆ ಆ ಸಾಲಿತ್ತು. ‘ಇರುವುದು ಇದ್ದು, ಇಲ್ಲದ್ದು ಇಲ್ಲೆ.’ ಅದರ ಮೇಲೆ ಕೆಂಪು ಶಾಯಿಯಲ್ಲಿ ಚೆಲುವರಾಯರು ಎಳೆದ ಎರಡು ದೀರ್ಘ ಹೊಳೆಯುತ್ತಿದ್ದವು.

ವಾಗ್ದೇವಿ ಸಾಲನ್ನು ಇನ್ನೊಮ್ಮೆ ಓದಿದಳು. ಅಚ್ಚಿನಲ್ಲಿ ಓದುವಾಗ ಹೊಳೆಯದ್ದು ಕೈಬರಹದಲ್ಲಿ ಹೊಳೆಯಿತು. ಮನೆಯಲ್ಲಿ ಅಣ್ಣ ಹಾಗೆ ಹೇಳುತ್ತಲೇ ಇರಲಿಲ್ಲ. “ಇಪ್ಪದು ಇದ್ದು, ಇಲ್ಲದ್ದು ಇಲ್ಲೆ, ಗೊತ್ತಾತಾ ಕೂಸೆ?” ಎನ್ನುತ್ತಿದ್ದ. ಮರೆತು ಮನೆ ಮಾತು ಬರೆದಿದ್ದರೆ ‘ಇಪ್ಪದು’ ಎಂದೇ ಬರೆಯಬೇಕಿತ್ತು. ‘ಇಪ್ಪದು’ ಎಂದಿದ್ದರೆ ಮೈಸೂರಿನವರಿಗೆ ತಕ್ಷಣ ಅನುಮಾನ ಬರುತ್ತಿತ್ತು. ಅಣ್ಣ ಅದನ್ನು ಮಾತ್ರ ಪುಸ್ತಕದ ಭಾಷೆಯ ‘ಇರುವುದು’ ಮಾಡಿ, ಉಳಿದ ಎರಡನ್ನು ಹಾಗೇ ಬಿಟ್ಟಿದ್ದ.

ಕೈ ತಪ್ಪಿ ಆದದ್ದಲ್ಲ ಇದು. ಬೇಕೆಂತಲೇ ಹಾಕಿದ ಗಾಳ. ಕಳ್ಳ ನುಂಗಲಿ, ನುಂಗಿ ಎಲ್ಲರೆದುರು ಬಾಯಿಬಿಡಲಿ ಎಂದು ಬರೆದದ್ದು. ಆದರೆ ಪುಸ್ತಕವನ್ನು ಯಾರು ಕದಿಯುತ್ತಾರೆಂದು ಅಣ್ಣನಿಗೆ ಮೊದಲೇ ಹೇಗೆ ಗೊತ್ತಿತ್ತು?

“ಜಯಪ್ಪನವರೇ,” ಎಂದಳು. “ಇದು ಹಸ್ತಪ್ರತಿ ಕೊಟ್ಟ ಮೇಲೆ ಬರೆದದ್ದು. ಇವರು ಕದೀತಾರೆ ಅಂತ ತಿಳಿದ ಮೇಲೆ ಬರೆದದ್ದು.”

“ಇರ್ಲಿ ಬಿಡಿ. ಮುಳುಗೋಕ್ ಮುಂಚೆ ನಾಲ್ಕ್ ದಿನ ಟೈಮಿತ್ತಲ್ಲ, ಆಗ್ ಬರ್ದಿಟ್ಟಿದ್ದು ಯಾರಿಗೋ ಸಿಕ್ಕಿ ಪೋಸ್ಟ್ ಮಾಡಿರ್ಬೇಕು.”

ಹೌದು, ಹಾಗೂ ಇರಬಹುದು. ಆ ಮಾತಿಗೆ ಜೋತುಬಿದ್ದು ವಾಗ್ದೇವಿ ಒಂದು ಉಸಿರು ಬಿಟ್ಟಳು. ಆಮೇಲೆ ರೂಢಿಯಂತೆ ಹಾಳೆಯನ್ನು ಮಗುಚಿ ನೋಡಿದಳು.

ಹಿಂಬದಿಯಲ್ಲಿ ಸೈಕ್ಲೋಸ್ಟೈಲಿನ ನೀಲಿ ಅಕ್ಷರ. ‘ವಾರ್ಷಿಕ ಪರೀಕ್ಷೆ, ಏಳನೇ ತರಗತಿ, ಗಣಿತ.’ ಐದನೇ ಪ್ರಶ್ನೆ: ಒಂಬೈನೂರ ಅರವತ್ತು ಕೊಡ ಹಿಡಿಯುವ ಒಂದು ತೊಟ್ಟಿಗೆ ಗಂಟೆಗೆ ಇನ್ನೂರ ನಲವತ್ತು ಕೊಡ ನೀರು ಬಂದರೆ ಎಷ್ಟು ಹೊತ್ತಿನಲ್ಲಿ ತುಂಬುತ್ತದೆ? ಅಚ್ಚಿನಲ್ಲಿ ಇನ್ನೂರ ನಲವತ್ತರ ಬದಲು ಬರೀ ಇಪ್ಪತ್ತನಾಲ್ಕು ಎಂದಿತ್ತು. ಬಿಟ್ಟುಹೋದ ಸೊನ್ನೆಯನ್ನು ಯಾರೋ ಶಾಯಿಯಲ್ಲಿ ಸೇರಿಸಿದ್ದರು.

ಯಾರೋ ಅಲ್ಲ, ಅವಳೇ. ಪರೀಕ್ಷೆಯ ಹಿಂದಿನ ದಿನ ಸ್ಟಾಫ್ ರೂಮಿನಲ್ಲಿ ಕೂತು ನೂರಿಪ್ಪತ್ತು ಪತ್ರಿಕೆಗೂ ಒಂದೊಂದೇ ಸೊನ್ನೆ ಸುತ್ತಿದ್ದಳು. ಬೆರಳು ನೋಯುತ್ತಿದ್ದುದು ಈಗಲೂ ನೆನಪಿತ್ತು. ಅದು ಅರವತ್ತೈದರ ಮಾರ್ಚ್; ಪತ್ರಿಕೆಯ ತಲೆಯ ಮೇಲೂ ಅದೇ ತಾರೀಖಿತ್ತು.

ಅಣ್ಣನನ್ನು ಸುಟ್ಟು ಏಳು ತಿಂಗಳಾದ ಮೇಲೆ ಅಚ್ಚಾದ ಕಾಗದದ ಮೇಲೆ ಅಣ್ಣ ಬರೆದಿದ್ದ.

ಜಯಪ್ಪ ಹಾಳೆಯನ್ನು ಇಸಿದುಕೊಂಡ. ತಾರೀಖು ಓದಿದ, ಮಗುಚಿ ಕೈಬರಹ ನೋಡಿದ, ಮತ್ತೆ ತಾರೀಖು ಓದಿದ. ಹೊನ್ನೆಮರಡಿನಲ್ಲಿ ಮೀನು ತಿಂದುಳಿದ ಹೆಣವನ್ನು ಕನ್ನಡಕ ನೋಡಿ ಗುರುತಿಸಿ ಪಂಚನಾಮೆ ಬರೆದವನು ಅವನೇ.

“ಹಂಗಾದ್ರೆ ನಾವ್ ಸುಟ್ಟಿದ್ದು ಯಾರನ್ನ ಟೀಚರಮ್ಮ?” ಎಂದ ಪಿಸುದನಿಯಲ್ಲಿ.

ಅವಳು ಹಾಳೆಯನ್ನು ಅವನ ಕೈಯಿಂದ ವಾಪಸ್ಸು ಎಳೆದುಕೊಂಡಳು. ಅಣ್ಣ ಬದುಕಿದ್ದಾನೆ. ಕುಣಿಯಬೇಕಾಗಿತ್ತು. ಬದಲಿಗೆ ಮೈಯೆಲ್ಲ ಉರಿ ಎದ್ದಿತು. ಎರಡು ವರ್ಷ ಅವನಿಗಾಗಿ ಅತ್ತಿದ್ದಳು, ಅವನಿಗಾಗಿ ಹಲ್ಲು ಕಡಿದಿದ್ದಳು, ಅವನ ಸೇಡನ್ನು ತನ್ನದೆಂದು ಹೊತ್ತಿದ್ದಳು. ಅವನು ಎಲ್ಲಿಯೋ ತಣ್ಣಗೆ ಕೂತು, ಅವಳ ಪ್ರಶ್ನೆಪತ್ರಿಕೆಯ ಹಿಂಬದಿಯಲ್ಲೇ ಗಾಳ ಹೊಸೆಯುತ್ತಿದ್ದ.

ಮೈಕಿನ ಜೀಪು ವಾಪಸ್ಸು ಬಂದು ಮನೆಯ ಮುಂದೆಯೇ ನಿಂತಿತು. ಪ್ರೊಫೆಸರನ್ನು ಕರೆದೊಯ್ಯಲು ಯಾರೋ ಜಗಲಿ ಹತ್ತುತ್ತಿದ್ದರು.

“ನಾನು... ನಾನು ಸಭೆಗೆ ಹೋಗಲೇನಮ್ಮ?” ಎಂದರು ಚೆಲುವರಾಯರು, ಅಪ್ಪಣೆ ಕೇಳುವವರ ಹಾಗೆ.

ವಾಗ್ದೇವಿಗೆ ಅದು ಕೇಳಿಸಲೇ ಇಲ್ಲ. ಅವಳ ಕಣ್ಣು ಆ ಸೊನ್ನೆಯ ಮೇಲೆ ನೆಟ್ಟಿತ್ತು. ಆ ವರ್ಷ ಉಳಿದ ಪತ್ರಿಕೆಗಳ ಕಟ್ಟು ಶಾಲೆಯಲ್ಲಿ ಉಳಿದಿರಲಿಲ್ಲ. ದುಗ್ಗಮ್ಮನ ಅಂಗಡಿಯ ಪೊಟ್ಟಣಗಳನ್ನು ಅವಳು ದಿನಾ ಬಿಚ್ಚುತ್ತಿದ್ದಳು. ಒಂದಾದರೂ ಪ್ರಶ್ನೆಪತ್ರಿಕೆಯಲ್ಲಿ ಕಟ್ಟಿದ್ದನ್ನು ನೋಡಿದ ನೆನಪಿರಲಿಲ್ಲ. ಆ ಕಟ್ಟನ್ನು ಅವಳು ತನ್ನ ಕೈಯಾರೆ ಒಬ್ಬರಿಗೇ ಕೊಟ್ಟಿದ್ದಳು.

ವರ್ಷಾಂತದ ದಿನವೂ ಅಳದ ಅಮ್ಮನಿಗೆ.